ತೋಟಾ ಕಟ್ಟುವಲ್ಲಿ ಕರಾರುವಾಕ್ಕು ಎಷ್ಟು?

ಗುರಿಕಾರ ತನ್ನ ರೈಫಲ್ಲಿಗೆ ತಾನೇ ತೋಟಾ ಕಟ್ಟಿಕೊಳ್ಳುತ್ತಾನೆ. ಮದ್ದನ್ನು ಕಾಳು ಕಾಳಾಗಿ ತೂಗಬೇಕೋ, ಅಳತೆಗೊಳವೆಯಿಂದ ಸುರಿದರೆ ಸಾಕೋ ಎಂಬುದು ಸಂಶಯ.

ಪೂರ್ವಪಕ್ಷ ಹೇಳುತ್ತದೆ: ಸಣ್ಣ ತಪ್ಪುಗಳು ಕೂಡಿಯೇ ದೊಡ್ಡದಾಗುತ್ತವೆ, ಒಂದನ್ನೂ ಬಿಡಬಾರದು.

ತಪ್ಪುಗಳು ಹಾಗೆ ಕೂಡುವುದಿಲ್ಲ. ಒಂದನ್ನೊಂದು ಅವಲಂಬಿಸದ ಚದುರುವಿಕೆಗಳಲ್ಲಿ ಕೂಡುವುದು ಅವುಗಳ ವರ್ಗ. ರೈಫಲ್ಲೇ 1 ಇಂಚು ಚದುರಿಸುವಾಗ ತೋಟಾದ ದೋಷ 0.3 ಇಂಚು ಸೇರಿದರೆ ಒಟ್ಟು 1.3 ಅಲ್ಲ, 1.04. ದೊಡ್ಡ ದೋಷ ಹಾಗೇ ಉಳಿದಿರುವಾಗ ಸಣ್ಣದನ್ನು ಉಜ್ಜುತ್ತ ಕೂತರೆ ಗುರಿಹಲಗೆಯಲ್ಲಿ ಏನೂ ಕಾಣದು.

ಇನ್ನು ದೂರದ ಮಾತು. ತೀರ್ಮಾನವೆಲ್ಲ ಇದರ ಮೇಲೆಯೇ ನಿಂತಿದೆ. 308 ವಿಂಚೆಸ್ಟರ್‌ನಂಥ ತೋಟಾದಲ್ಲಿ 0.1 ಗ್ರೇನ್, ಅಂದರೆ ಸುಮಾರು 6.5 ಮಿಲಿಗ್ರಾಂ ಮದ್ದು ಹೆಚ್ಚುಕಡಿಮೆಯಾದರೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು 6 ಅಡಿ ಬದಲಾಗುತ್ತದೆ. 100 ಗಜದಲ್ಲಿ ಇದರಿಂದಾಗುವ ಏರಿಳಿತ ಇಂಚಿನ ಐವತ್ತರಲ್ಲಿ ಒಂದು ಪಾಲೂ ಇಲ್ಲ. 1000 ಗಜದಲ್ಲಿ ಅದೇ ಸುಮಾರು 2 ಇಂಚು. ಅಮೆರಿಕದ ಎಫ್-ಕ್ಲಾಸ್ ಸ್ಪರ್ಧೆಯಲ್ಲಿ ಆ ದೂರದ ಒಳವೃತ್ತದ ಅಗಲವೇ 5 ಇಂಚು. ಹಾಗಾಗಿ ದೂರದ ಗುರಿಕಾರ ಕಾಳು ತೂಗುವುದು ನ್ಯಾಯ. ಅತ್ತ ರೈಫಲ್ಲನ್ನು ಮೇಜಿನ ಮೇಲೆ ಊರಿ ಹೊಡೆಯುವ 100, 200 ಗಜದ ಬೆಂಚ್‌ರೆಸ್ಟ್‌ನಲ್ಲಿ, 1975ರಲ್ಲಿ ಪಾಲ್ಮಿಸಾನೊ ಮತ್ತು ಪಿಂಡೆಲ್ ರೂಪಿಸಿದ 6 ಪಿಪಿಸಿ ತೋಟಾ ಹಿಡಿದು ಗುಂಡುಗಳನ್ನು ಒಂದೇ ತೂತಿನಲ್ಲಿ ಹಾಯಿಸುವವರಲ್ಲಿ ಅನೇಕರು ಮದ್ದನ್ನು ತೂಗದೆ ಅಳತೆಯಿಂದಲೇ ಸುರಿಯುತ್ತಾರೆ. ಅವರ ಶ್ರದ್ಧೆಯೆಲ್ಲ ನಳಿಗೆ, ಗುಂಡಿನ ಗುಣಮಟ್ಟ ಮತ್ತು ಗಾಳಿಬಾವುಟಗಳ ಮೇಲೆ. ಪೂರ್ವಪಕ್ಷಕ್ಕೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಕಾಣದು.

ಆಕ್ಷೇಪ: ತೂಗಿ ಕಟ್ಟಿದ ಮೇಲೆ 100 ಗಜದಲ್ಲೂ ಗುರಿಹಲಗೆಯ ಮೇಲಿನ ತೂತುಗಳ ಗುಂಪು ಚಿಕ್ಕದಾಯಿತಲ್ಲ? ಐದು ಗುಂಡಿನ ಒಂದು ಗುಂಪು ಸಾಕ್ಷಿಯಾಗಲಾರದು. ಅದೇ ರೈಫಲ್, ಅದೇ ತೋಟಾ ಇದ್ದೂ ಒಂದು ಗುಂಪು ಇನ್ನೊಂದರ ಎರಡರಷ್ಟಾಗುವುದುಂಟು. ಹಲವು ಗುಂಪುಗಳನ್ನು ಹೊಡೆದು ಸರಾಸರಿ ನೋಡಬೇಕು.

ಆಕ್ಷೇಪ: 1000 ಗಜದಲ್ಲಿ ಅಡ್ಡಗಾಳಿಯನ್ನು ಗಂಟೆಗೆ ಒಂದು ಮೈಲಿ ತಪ್ಪಾಗಿ ಅಂದಾಜಿಸಿದರೆ ಗುಂಡು ಎಂಟು ಇಂಚಿಗೂ ಹೆಚ್ಚು ಸರಿಯುತ್ತದೆ, ಎರಡು ಇಂಚಿನ ಚಿಂತೆ ಏಕೆ? ಗಾಳಿ ಪಕ್ಕಕ್ಕೆ ತಳ್ಳುತ್ತದೆ, ವೇಗದ ವ್ಯತ್ಯಾಸ ಮೇಲೆ ಕೆಳಗೆ ಹರಡುತ್ತದೆ. ಗಾಳಿಯನ್ನು ಓದಲು ಕಲಿಯಬಹುದು. ತೋಟಾದೊಳಗೆ ಕೂತ ತಪ್ಪನ್ನು ಗುರಿ ಹಿಡಿದಾಗ ಯಾರೂ ಓದಲಾರರು. ಅದನ್ನು ಮೇಜಿನ ಮೇಲೆಯೇ ತೀರಿಸಬೇಕು.

ಹಾಗಾದರೆ ಹತ್ತಿರದ ಗುರಿಗೆ ತಕ್ಕಡಿಯನ್ನೇ ಬಿಡಬಹುದೇ? ಕೂಡದು. ಅಳತೆಗೊಳವೆಯನ್ನು ಹೊಂದಿಸುವುದೂ ನಡುನಡುವೆ ಪರೀಕ್ಷಿಸುವುದೂ ತಕ್ಕಡಿಯಿಂದಲೇ. ಮದ್ದು ಮಿತಿ ಮೀರಿದರೆ ತೋಟಾ ಕೂರುವ ಕೋಣೆಯ ಒತ್ತಡ ವೇಗಕ್ಕಿಂತ ಬಹಳ ಬೇಗ ಏರುತ್ತದೆ, ರೈಫಲ್ ಒಡೆದು ಕಣ್ಣು ಕೈ ಹೋಗಬಹುದು. ಅಲ್ಲಿ ದೂರದ ಲೆಕ್ಕ ನಡೆಯುವುದಿಲ್ಲ.