ಮಕ್ಕಳ ಪೃಚ್ಛನೆ, ಮಕ್ಕಳ ಪ್ರಾಯಶ್ಚಿತ್ತ

ತಪಸ್ಸು ಹನ್ನೆರಡು ವಿಧ. ಅನಶನವು ಬಾಹ್ಯತಪಸ್ಸುಗಳಲ್ಲಿ ಮೊದಲನೆಯದು. ಪ್ರಾಯಶ್ಚಿತ್ತ ಮತ್ತು ಸ್ವಾಧ್ಯಾಯಗಳು ಆಭ್ಯಂತರ ತಪಸ್ಸುಗಳು. ಪರ್ವದಿನಗಳಲ್ಲಿ ಉಪವಾಸವನ್ನು ತಪ್ಪದೆ ಆಚರಿಸುವ ಶ್ರಾವಕರ ಮನೆಗಳಲ್ಲಿ ಈ ಎರಡು ಆಭ್ಯಂತರ ತಪಸ್ಸುಗಳು ಮಕ್ಕಳ ಪಾಲಿಗೂ ದೊರೆಯುತ್ತಿವೆಯೇ ಎಂಬುದು ವಿಚಾರಾರ್ಹವಾದ ಮಾತು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಸ್ವಾಧ್ಯಾಯವನ್ನು ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂದು 5 ಬಗೆಯಾಗಿ ವಿಂಗಡಿಸಿದ್ದಾರೆ. ಸಂಶಯವನ್ನು ನೀಗಿಕೊಳ್ಳಲು ಕೇಳುವುದೇ ಪೃಚ್ಛನೆ. ಶ್ರೇಣಿಕ ಮಹಾರಾಜನು ಕೇಳಿದನು, ಗೌತಮ ಗಣಧರರು ಹೇಳಿದರು. ನಮ್ಮ ಪುರಾಣಗಳು ಹೀಗೆಯೇ ಮೊದಲಾಗುತ್ತವೆ. ಪ್ರಶ್ನೆಯು ಅವಿನಯವಲ್ಲ, ಶಾಸ್ತ್ರದ ಬಾಗಿಲು.

ನೀರು ಸೋಸಿದ ತಾಯಿಯು ಬಟ್ಟೆಯನ್ನು ತಿರುವಿ, ಅದರ ಮೇಲೆ ಸೋಸಿದ ನೀರನ್ನೇ ಹೊಯ್ದು, ಆ ನೀರನ್ನು ಮರಳಿ ಅದೇ ಬಾವಿಗೆ ಇಳಿಸುವಾಗ ಮಗು “ಏಕಮ್ಮ?” ಎನ್ನುತ್ತದೆ. “ಹಿರಿಯರು ಮಾಡಿದ್ದು, ಸುಮ್ಮನಿರು” ಎಂದರೆ ಮಗುವಿಗೆ ದೊರೆಯುವುದು ಬರಿಯ ಕಟ್ಟಳೆ. “ಕಣ್ಣಿಗೆ ಕಾಣದ ಜೀವಗಳು ತಮ್ಮ ನೆಲೆಗೆ ಮರಳಲಿ” ಎಂದು ತಿಳಿಸಿ, ಬಟ್ಟೆಯ ಒಂದು ಅಂಚನ್ನು ಅದರ ಕೈಗೆ ಕೊಟ್ಟರೆ ಅಹಿಂಸೆಯು ಆ ಕೈಗೆ ಬರುತ್ತದೆ.

ತಪ್ಪಿನ ವಿಷಯವೂ ಹೀಗೆಯೇ. ಅನಂತ ಚತುರ್ದಶಿಯಂದು ಉಪವಾಸ ಹಿಡಿದ ಬಾಲಕನು ಮಧ್ಯಾಹ್ನ ಹಸಿವು ತಾಳದೆ ಮರೆಯಲ್ಲಿ ಚಕ್ಕುಲಿ ತಿಂದನೆನ್ನೋಣ. “ವ್ರತ ಕೆಡಿಸಿದೆ, ಪಾಪಿ” ಎಂದು ಗದರಿದರೆ, ಮುಂದಿನ ಸಲ ಅವನು ಇತರರು ಕಂಡ ತಪ್ಪನ್ನಷ್ಟೇ ಒಪ್ಪಿ, ಕಾಣದ್ದನ್ನು ಮುಚ್ಚಿಡುತ್ತಾನೆ. ಗುರುವಿನ ಮುಂದೆ ದೋಷವನ್ನು ನಿವೇದಿಸಿಕೊಳ್ಳುವ ಆಲೋಚನೆಗೆ ಶಾಸ್ತ್ರವು 10 ದೋಷಗಳನ್ನು ಹೇಳಿದೆ. ಇದು ಅವುಗಳಲ್ಲೊಂದು, ಯದ್ದೃಷ್ಟವೆಂದು ಹೆಸರು. ವ್ರತವನ್ನು ಕಾಯಲೆಂದು ಗದರಿದ ಹಿರಿಯರೇ ಮಗುವಿಗೆ ಈ ದೋಷವನ್ನು ಕಲಿಸಿದಂತಾಗುತ್ತದೆ.

ಆದುದರಿಂದ ಮೊದಲು ನಿರ್ಭಯವಾಗಿ ಹೇಳಗೊಡಬೇಕು. ಬಳಿಕ “ಯಾವ ಹೊತ್ತಿಗೆ ಮನಸ್ಸು ಜಾರಿತು? ಮುಂದೆ ಎಷ್ಟನ್ನು ನಿಭಾಯಿಸಬಲ್ಲೆ?” ಎಂದು ಕೇಳಬೇಕು. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿಗೆ ತಕ್ಕ ತಪಸ್ಸೂ ಒಂದಲ್ಲವೇ? ಉಪವಾಸ ಭಾರವಾದ ಮಗುವಿಗೆ ಏಕಾಶನ ಸಾಕು. ಅದೂ ಭಾರವಾದರೆ ರಾತ್ರಿಭೋಜನತ್ಯಾಗದ ಒಂದು ದಿನ ಸಾಕು. ಚಿಕ್ಕ ವ್ರತವನ್ನು ಪೂರ್ತಿಯಾಗಿ ಪಾಲಿಸಿದವನೇ ದೊಡ್ಡ ವ್ರತಕ್ಕೆ ಅರ್ಹನಾಗುತ್ತಾನೆ.

ಹಿರಿಯರು ತಮ್ಮ ಪ್ರತಿಕ್ರಮಣವನ್ನು ಮಕ್ಕಳ ಎದುರಿನಲ್ಲಿಯೇ ಮಾಡಲಿ. ತಂದೆತಾಯಿಗಳೂ ತಪ್ಪನ್ನು ಒಪ್ಪಿ ತಿದ್ದಿಕೊಳ್ಳುವುದನ್ನು ಕಂಡ ಮಗುವಿಗೆ ಪ್ರಾಯಶ್ಚಿತ್ತವು ದಂಡನೆಯಾಗಿ ತೋರುವುದಿಲ್ಲ; ಶುದ್ಧಿಯಾಗಿ ತೋರುತ್ತದೆ. ಉತ್ತಮಕ್ಷಮೆಯು ಮನೆಯೊಳಗಿನ ಅತಿ ಚಿಕ್ಕವರಿಂದಲೇ ಆರಂಭವಾಗಲಿ.