ವಿದೇಶಯಾತ್ರೆಯಲ್ಲಿ ಉಡುಪಿನ ಔಚಿತ್ಯ

ವಸ್ತ್ರದ ಪ್ರಯೋಜನಗಳು ಮೂರು: ಚಳಿ-ಬಿಸಿಲುಗಳಿಂದ ದೇಹವನ್ನು ಕಾಯುವುದು, ಮಾನವನ್ನು ಮುಚ್ಚುವುದು, ಎದುರಿಗಿರುವವರಲ್ಲಿ ನಮಗಿರುವ ಗೌರವವನ್ನು ಸೂಚಿಸುವುದು. ಸ್ವಂತ ಊರಿನಲ್ಲಿ ಇವು ಮೂರೂ ರೂಢಿಯಿಂದಲೇ ನೆರವೇರುತ್ತವೆಯಾದ್ದರಿಂದ ನಾವು ಅವನ್ನು ಕುರಿತು ಆಲೋಚಿಸುವುದಿಲ್ಲ. ಇಂದು ವ್ಯಾಪಾರಕ್ಕಾಗಿ, ವಿದ್ಯಾಭ್ಯಾಸಕ್ಕಾಗಿ, ಮಗಳ ಬಾಣಂತನಕ್ಕಾಗಿ ನಮ್ಮ ಕುಟುಂಬಗಳ ಅನೇಕರು ಹೊರದೇಶಗಳಿಗೆ ಹೋಗಿಬರುತ್ತಿದ್ದಾರೆ. ಅಲ್ಲಿಯವರಂತೆ ಉಡಬೇಕೇ, ನಮ್ಮಂತೆಯೇ ಉಡಬೇಕೇ, ಅಂದವಾಗಿ ಉಡುವುದು ಶ್ರಾವಕನಿಗೆ ತಕ್ಕುದೇ ಎಂಬ ಪ್ರಶ್ನೆಗಳು ಪೆಟ್ಟಿಗೆ ಕಟ್ಟುವ ಹೊತ್ತಿಗೆ ಏಳುತ್ತವೆ. ಇವು ಮೇಲ್ನೋಟಕ್ಕೆ ಸಣ್ಣವು. ವಿಚಾರಿಸಿದರೆ ವ್ರತದ ಬುಡವನ್ನೇ ಮುಟ್ಟುತ್ತವೆ.

1893ರಲ್ಲಿ ಷಿಕಾಗೋ ನಗರದ ಸರ್ವಧರ್ಮ ಸಮ್ಮೇಳನದಲ್ಲಿ ಜೈನಧರ್ಮದ ಪ್ರತಿನಿಧಿಯಾಗಿದ್ದ ವೀರಚಂದ ರಾಘವಜೀ ಗಾಂಧಿಯವರು ಕಾಠಿಯಾವಾಡದ ಪೇಟವನ್ನೂ ಉದ್ದನೆಯ ನಿಲುವಂಗಿಯನ್ನೂ ಧರಿಸಿ ವೇದಿಕೆಯೇರಿದರು. ಅದಕ್ಕೆ ಐದು ವರ್ಷ ಮೊದಲು, 1888ರಲ್ಲಿ, ಇನ್ನೊಬ್ಬ ಗುಜರಾತಿ ಯುವಕ ಇಂಗ್ಲೆಂಡಿನಲ್ಲಿ ಬಂದಿಳಿದಿದ್ದನು. ಬಿಳಿಯ ಫ್ಲಾನೆಲ್ ಉಡುಪೇ ಶೋಭೆಯೆಂದು ಭಾವಿಸಿ ಹಡಗಿನಿಂದಿಳಿದ ಆತನಿಗೆ, ಅಂತಹ ಉಡುಪಿನವನು ತಾನೊಬ್ಬನೇ ಎಂದು ಕಂಡು ನಾಚಿಕೆಯಾಯಿತು. ಮುಂದೆ 19 ಷಿಲಿಂಗಿನ ಎತ್ತರದ ಟೋಪಿ, ಬಾಂಡ್ ಸ್ಟ್ರೀಟಿನಲ್ಲಿ 10 ಪೌಂಡಿಗೆ ಹೊಲಿಸಿದ ಸೂಟು, ಕನ್ನಡಿಯ ಮುಂದೆ ದಿನಕ್ಕೆ ಹತ್ತು ನಿಮಿಷ ಎಲ್ಲವೂ ಆದವು. ಆತನೇ ಮೋಹನದಾಸ ಗಾಂಧಿ. ಹೊರಡುವ ಮುನ್ನ ಬೇಚರ್‌ಜೀ ಸ್ವಾಮಿ ಎಂಬ ಜೈನಮುನಿಗಳ ಎದುರಿನಲ್ಲಿ ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟೆನೆಂದು ಆತ ಪ್ರತಿಜ್ಞೆ ಮಾಡಿದ್ದನಷ್ಟೆ. ಸೂಟು ತೊಟ್ಟಾಗಲೂ ಆ ಪ್ರತಿಜ್ಞೆ ನಿಂತಿತು. 1931ರಲ್ಲಿ ತುಂಡುಪಂಚೆ, ಶಾಲುಗಳಲ್ಲಿ ಬಕಿಂಗ್‌ಹ್ಯಾಮ್ ಅರಮನೆಗೆ ಹೋದಾಗಲೂ ಅದೇ ನಿಂತಿತ್ತು. ಉಡುಪು ಬದಲಾಯಿತು, ವ್ರತ ಬದಲಾಗಲಿಲ್ಲ.

ಇದರಿಂದ ತಿಳಿಯುವುದು ಇಷ್ಟೇ: ಉಡುಪಿನ ಆಕಾರ ದೇಶಕಾಲಗಳಿಗೆ ಸೇರಿದ್ದು, ಉಡುಪಿನ ಮೂಲದ್ರವ್ಯ ನಮ್ಮ ಆತ್ಮಸಾಕ್ಷಿಗೆ ಸೇರಿದ್ದು. ಮೊದಲನೆಯದರಲ್ಲಿ ಹಟ ಹಿಡಿದು ಎರಡನೆಯದರಲ್ಲಿ ಸಡಿಲವಾಗುವುದು ವಿವೇಕವಲ್ಲ.

ಆಕಾರದ ವಿಷಯದಲ್ಲಿ ನಮಗೆ ದಾರಿ ತೋರುವ ಮಾತು ಔಚಿತ್ಯ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯದ ಜೀವವೇ ಔಚಿತ್ಯವೆಂದು ಸಾಧಿಸುವಾಗ ಆರಿಸಿಕೊಂಡ ದೃಷ್ಟಾಂತ ಆಭರಣದ್ದೇ. ಡಾಬು ಸೊಂಟದಲ್ಲಿದ್ದರೆ ಶೋಭೆ, ಕೊರಳಿಗೇರಿದರೆ ನಗೆಪಾಟಲು ಎಂಬುದು ಅದರ ತಾತ್ಪರ್ಯ. ರೋಮಿನ ಸೇಂಟ್ ಪೀಟರ್ ದೇವಾಲಯದಲ್ಲಿ ಭುಜ, ಮೊಣಕಾಲುಗಳು ಮುಚ್ಚಿರಬೇಕೆಂಬ ನಿಯಮವಿದೆ. ಬಸದಿಯಲ್ಲಿ ಮಡಿಯನ್ನು ನಿರೀಕ್ಷಿಸುವ ನಾವು ಅನ್ಯರ ಪೂಜಾಸ್ಥಾನದ ಮರ್ಯಾದೆಯನ್ನು ಪಾಲಿಸದಿದ್ದರೆ ಹೇಗೆ? ಜಪಾನಿನ ಮನೆಗಳಲ್ಲಿ ಪಾದರಕ್ಷೆಯನ್ನು ಬಾಗಿಲಲ್ಲೇ ಬಿಡುವುದು ರೂಢಿ. ಅಲ್ಲಿಗೆ ಹೋಗುವವನು ಸುಲಭವಾಗಿ ಕಳಚುವ ಪಾದರಕ್ಷೆ, ಹರಿಯದ ಶುಭ್ರವಾದ ಕಾಲುಚೀಲ ತೊಡುವುದೇ ಸಭ್ಯತೆ. ಇಸ್ತ್ರಿ ಮಾಡಿದ, ಮೈಗೆ ಸರಿಹೊಂದುವ, ಸಂದರ್ಭಕ್ಕೆ ಒಪ್ಪುವ ಉಡುಪು ಶೃಂಗಾರವಲ್ಲ. ಅದು ಆತಿಥೇಯನಿಗೆ ಸಲ್ಲಿಸುವ ನಮಸ್ಕಾರ. ಮುದುಡಿದ ಬಟ್ಟೆಯನ್ನು ವೈರಾಗ್ಯವೆಂದು ಕರೆಯುವುದು ಆತ್ಮವಂಚನೆ. ದಿಕ್ಕುಗಳನ್ನೇ ವಸ್ತ್ರವಾಗಿಸಿಕೊಂಡ ಮುನಿಗಳ ಪದವಿ ಬೇರೆ, ಗೃಹಸ್ಥನ ಕರ್ತವ್ಯ ಬೇರೆ.

ಇನ್ನು ದ್ರವ್ಯದ ವಿಚಾರ. ಶೀತದೇಶಗಳಿಗೆ ಹೊರಟವರು ಅಂಗಡಿಯಲ್ಲಿ ಬೆಚ್ಚನೆಯ ಕೋಟನ್ನು ಕೇಳಿದರೆ ಹೆಬ್ಬಾತು, ಬಾತುಕೋಳಿಗಳ ಎಳೆಗರಿ ತುಂಬಿದ್ದನ್ನು ತೋರಿಸುತ್ತಾರೆ. ಪಾಲಿಯೆಸ್ಟರ್ ಎಳೆ ತುಂಬಿದ ಕೋಟುಗಳೂ ದೊರೆಯುತ್ತವೆ. ಕೇಳಿದರೆ ಮಾತ್ರ ಕಾಣುತ್ತವೆ. ಐರೋಪ್ಯ ಒಕ್ಕೂಟದ 2011ರ ಜವಳಿ ನಿಯಮದಂತೆ, ಬಟ್ಟೆಗೆ ಚರ್ಮದ ಅಥವಾ ತುಪ್ಪಳದ ಪಟ್ಟಿ ಸೇರಿದ್ದರೆ ಅದರಲ್ಲಿ ಪ್ರಾಣಿಮೂಲದ ಭಾಗವಿದೆಯೆಂದು ಚೀಟಿಯಲ್ಲಿ ಬರೆಯಲೇಬೇಕು. ಪಾದರಕ್ಷೆಗಳಿಗೆ 1994ರಿಂದಲೇ ಚಿಹ್ನೆಗಳ ನಿಯಮವಿದೆ. ಬಿಡಿಸಿ ಹರಡಿದ ತೊಗಲಿನ ಆಕೃತಿಯಿದ್ದರೆ ಚರ್ಮ. ಅದರೊಳಗೆ ವಜ್ರಾಕೃತಿಯಿದ್ದರೆ ಲೇಪನ ಬಳಿದ ಚರ್ಮ. ವಜ್ರಾಕೃತಿ ಮಾತ್ರವಿದ್ದರೆ ಇತರ ವಸ್ತು. ಮೇಲ್ಭಾಗ, ಒಳಪದರ, ಅಟ್ಟೆ ಈ ಮೂರಕ್ಕೂ ಬೇರೆ ಬೇರೆ ಚಿಹ್ನೆಯಿರುತ್ತದೆ. ಲೆಕ್ಕಪತ್ರದ ಪ್ರತಿ ಸಾಲನ್ನೂ ಪರೀಕ್ಷಿಸುವ ವರ್ತಕನಿಗೆ ಈ ಚೀಟಿಯನ್ನು ಓದುವುದು ಕಷ್ಟವೇನಲ್ಲ.

ಆದರೆ ಚರ್ಮವನ್ನು ನಿಂದಿಸುವ ನಾವೇ ರೇಷ್ಮೆಯ ಎದುರಿಗೆ ಮೌನ ತಾಳುತ್ತೇವೆ. ಹೊರದೇಶದ ಮದುವೆಗೆಂದು ಪೆಟ್ಟಿಗೆಯಲ್ಲಿ ಮೊದಲು ಸೇರುವುದು ರೇಷ್ಮೆ ಸೀರೆ, ರೇಷ್ಮೆ ಪಂಚೆ, ಟೈ. ರಾಮನಗರದ ಮಾರುಕಟ್ಟೆಗೆ ಬರುವ ಗೂಡುಗಳಿಂದ ಅಖಂಡವಾದ ಎಳೆ ದೊರೆಯಬೇಕಾದರೆ ಒಳಗಿನ ಜೀವ ಗೂಡನ್ನು ಕೊರೆದು ಹೊರಬರುವ ಮುನ್ನವೇ ಅದನ್ನು ಶಾಖದಿಂದ ಕೊಲ್ಲಬೇಕಾಗುತ್ತದೆ. ನಮ್ಮ ರಾಜ್ಯದ ಅನೇಕ ರೈತರ ಜೀವನ ಈ ಉದ್ಯಮವನ್ನು ಅವಲಂಬಿಸಿರುವುದು ನಿಜ. ಅವರನ್ನು ದೂಷಿಸುವುದು ಸಲ್ಲದು. ಹಿರಿಯರು ಕೊಟ್ಟ ಸೀರೆಯನ್ನು ಸುಡಬೇಕೆಂದೂ ನಾನು ಹೇಳುತ್ತಿಲ್ಲ. ಹೊಸದನ್ನು ಕೊಳ್ಳುವಾಗ ಕೈ ತಡೆಯಬೇಕು. ವಿದೇಶಿಯನೊಬ್ಬ ಕುತೂಹಲದಿಂದ, ‘ನಿಮ್ಮ ಅಹಿಂಸೆ ಕಾಲಿನವರೆಗೆ ಮಾತ್ರವೇ, ಮೈಗೂ ಉಂಟೇ?’ ಎಂದು ಕೇಳಿದರೆ ನಮ್ಮ ಮಕ್ಕಳು ಏನು ಉತ್ತರ ಕೊಡಬೇಕು? ಜರಿಯಂಚಿನ ಒಳ್ಳೆಯ ಹತ್ತಿಯ ಸೀರೆ ಯಾವ ಸಭೆಗೂ ಕುಂದಲ್ಲ.

ಕೃತಕ ವಸ್ತುಗಳನ್ನು ಧರಿಸಿದ ಮಾತ್ರಕ್ಕೆ ನಾವು ನಿರ್ದೋಷಿಗಳೆಂದು ಹಿಗ್ಗುವಂತೆಯೂ ಇಲ್ಲ. ಪಾಲಿಯೆಸ್ಟರ್ ಹುಟ್ಟುವುದು ಖನಿಜತೈಲದಿಂದ; ಒಗೆದಾಗ ಉದುರುವ ಅದರ ಸೂಕ್ಷ್ಮ ಎಳೆಗಳು ನೀರಿಗೆ ಸೇರಿ ಜಲಚರಗಳ ಹೊಟ್ಟೆಯನ್ನು ಹೊಗುತ್ತವೆ. ಆದ್ದರಿಂದ ದ್ರವ್ಯದ ಶುದ್ಧಿಯ ಜೊತೆಗೆ ಪರಿಮಾಣದ ಮಿತಿಯೂ ಬೇಕು. ಒಮ್ಮೆ ಬಳಸಿ ಮುಗಿಸುವುದು ಭೋಗ, ಮತ್ತೆ ಮತ್ತೆ ಬಳಸುವುದು ಉಪಭೋಗ ಎಂದು ವಿಂಗಡಿಸಿದ ಸಮಂತಭದ್ರಾಚಾರ್ಯರು ವಸ್ತ್ರವನ್ನು ಎರಡನೆಯ ವರ್ಗದಲ್ಲಿಟ್ಟರು. ಒಂದು ಭಾವಚಿತ್ರಕ್ಕಾಗಿ ಕೊಂಡು, ಮರುದಿನ ಮೂಲೆಗೆಸೆಯುವವನು ಉಪಭೋಗವನ್ನು ಭೋಗವಾಗಿಸುತ್ತಾನೆ. ಹದಿನೈದು ದಿನದ ಪ್ರವಾಸಕ್ಕೆ ಒಂದಕ್ಕೊಂದು ಹೊಂದುವ ನಾಲ್ಕು ಜೊತೆ ಬಟ್ಟೆ, ಒಂದು ಕೋಟು, ಒಂದು ಜೊತೆ ಗಟ್ಟಿಯಾದ ಪಾದರಕ್ಷೆ ಸಾಕು. ಹೊರಡುವ ಮುನ್ನವೇ ಈ ಸಂಖ್ಯೆಯನ್ನು ಗೊತ್ತುಮಾಡಿಕೊಂಡರೆ ಅದೇ ಒಂದು ಪರಿಮಾಣವ್ರತ.

ಕಡೆಯದಾಗಿ ಒಂದು ಎಚ್ಚರಿಕೆ. ಆಚಾರ್ಯರು ಹೇಳಿದ ಎಂಟು ಮದಗಳಲ್ಲಿ ರೂಪದ ಮದವೂ ಇದೆ, ತಪಸ್ಸಿನ ಮದವೂ ಇದೆ. ಬೆಲೆಬಾಳುವ ಸೂಟು ತೊಟ್ಟು ಬೀಗುವವನು ಮೊದಲನೆಯದಕ್ಕೆ ಸಿಲುಕಿದರೆ, ‘ನನ್ನ ಬೆಲ್ಟು ಚರ್ಮದ್ದಲ್ಲ’ ಎಂದು ಅನ್ಯರ ಊಟದ ಮೇಜಿನಲ್ಲಿ ಸಾರುವವನು ಎರಡನೆಯದಕ್ಕೆ ಸಿಲುಕುತ್ತಾನೆ. ಕೇಳಿದವರಿಗೆ ಮೃದುವಾಗಿ ಹೇಳೋಣ. ಕೇಳದವರ ಎದುರು ಸುಮ್ಮನಿರೋಣ. ನೋಡುವವರಿಗೆ ಹಿತವಾಗಿ, ಯಾವ ಜೀವಿಗೂ ಆದಷ್ಟು ಭಾರವಾಗದಂತೆ ಉಡುವವನೇ ಸುವೇಷಧಾರಿ.