ಕಡಿಯುವ ಕೈಯ ಹೊಣೆ

"ಮರ ಕಡುದ್ರೆ ಪಾಪ ಬತ್ತದಾ ಸಾಬ್ರೆ? ಕತೆ ಬರೆಯೋರು ನೀವು, ವಸಿ ಹೇಳಿ ನೋಡವ."

ಪಾಂಡವಪುರದ ಹತ್ತಿರ, ಕುಂತಿಬೆಟ್ಟ ಕಾಣುವಷ್ಟು ದೂರದಲ್ಲಿ, ಒಂದು ರೈತ ಕುಟುಂಬ ಬೆಳೆಸಿದ ಮರದ ತೋಟ ನೋಡಲು ಹೋಗಿದ್ದೆ. ಪ್ರಶ್ನೆ ಕೇಳಿದವರು ಆ ಮನೆಯ ಹಿರಿಯ ಗೌಡರು. ಅವರ ಕೈಯಲ್ಲಿ ಸುಣ್ಣದ ಡಬ್ಬಿಯಿತ್ತು. ಕಡಿಯಬೇಕಾದ ತೇಗದ ಮರಗಳಿಗೆ ಗುರುತು ಹಾಕುತ್ತಿದ್ದರು. ಕೆಳಗೆ ನಾಲೆಯ ನೀರು ಹರಿಯುವಲ್ಲೆಲ್ಲ ಕಬ್ಬು, ಭತ್ತ. ಎತ್ತರದಲ್ಲಿರುವ ಈ 2 ಎಕರೆಗೆ ನೀರು ಹತ್ತುವುದಿಲ್ಲ. ರಾಗಿ, ಹುರುಳಿ ಬೆಳೆಯುತ್ತಿದ್ದ ನೆಲದಲ್ಲಿ 25 ವರ್ಷಗಳ ಹಿಂದೆ ಅವರು ತೇಗ ನೆಟ್ಟರು. ಬದುವಿನ ಮೇಲೆ ಸಿಲ್ವರ್ ಓಕ್, ಹೊಂಗೆ, ಬೇವು.

ನಾನು ತಟ್ಟನೆ ಉತ್ತರಿಸಲಿಲ್ಲ. ನೆಡುವುದರ ಪುಣ್ಯದ ಬಗ್ಗೆಯಾದರೆ ಹೇಳಲು ಬೇಕಾದಷ್ಟಿದೆ. ನೆಟ್ಟ ಗಿಡದ ಫಲವನ್ನು ಮನುಷ್ಯ ತಿಂದರೂ ಹಕ್ಕಿ ತಿಂದರೂ ಅದು ನೆಟ್ಟವನ ಸದಕಾ ಆಗುತ್ತದೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದನ್ನು ಮದ್ರಸದ ಮಕ್ಕಳೂ ಬಲ್ಲರು. ಖಲೀಫ ಅಬೂಬಕರ್(ರ)ರು ಶಾಮ್ ಕಡೆಗೆ ಹೊರಟ ಸೈನ್ಯಕ್ಕೆ ಫಲ ಕೊಡುವ ಮರಗಳನ್ನು ಕಡಿಯಬಾರದೆಂದು ತಾಕೀತು ಮಾಡಿದ್ದರು. ಆದರೆ ಯುದ್ಧವಿಲ್ಲದ ಕಾಲದಲ್ಲಿ, ತಾನೇ ನೆಟ್ಟದ್ದನ್ನು, ಮಾರುವುದಕ್ಕೆಂದೇ ಕಡಿಯುವವನಿಗೆ ಏನು ಹೇಳುವುದು? ವನಮಹೋತ್ಸವದ ಭಾಷಣಗಳಲ್ಲಿ ಈ ಪ್ರಶ್ನೆ ಬರುವುದೇ ಇಲ್ಲ. ಅಲ್ಲಿ ನೆಡುವವರೆಲ್ಲ ಸಜ್ಜನರು, ಕಡಿಯುವವರೆಲ್ಲ ಕಳ್ಳರು. ಭಾಷಣ ಮುಗಿಸಿ ಕೂರುವ ಕುರ್ಚಿ ಮಾತ್ರ ಮರದ್ದೇ.

ಗೌಡರು ತಮ್ಮ ಲೆಕ್ಕ ವಿವರಿಸಿದರು. ಸಸಿಗಳನ್ನು ಮೊದಲು ಒತ್ತೊತ್ತಾಗಿ ನೆಡಬೇಕು. ಬೆಳಕಿಗಾಗಿ ಪೈಪೋಟಿಯಿಂದ ನೆಟ್ಟಗೆ ಏರುತ್ತವೆ. ಹಾಗೆಯೇ ಬಿಟ್ಟರೆ ಎಲ್ಲವೂ ಗಳುಗಳಾಗಿ ಉಳಿಯುತ್ತವೆಯೇ ಹೊರತು ಒಂದೂ ಮರವಾಗುವುದಿಲ್ಲ. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಸೊರಗಿದ್ದು, ಡೊಂಕಾದದ್ದನ್ನು ತೆಗೆದು ಉಳಿದವಕ್ಕೆ ಜಾಗ ಬಿಡಬೇಕು. ಮೊದಲ ಸಲ ತೆಗೆದದ್ದು ಟೊಮೆಟೊ ಗಿಡಗಳಿಗೆ ಊರುಗೋಲಾಯಿತು. ಎರಡನೆಯ ಸಲದ್ದು ಕೊಟ್ಟಿಗೆಯ ಮಾಡಿಗೆ ಹೋಯಿತು. ಈಗ ಮೂರನೆಯದು. ಕಡಿದ ತೇಗದ ಬುಡ ಮತ್ತೆ ಚಿಗುರುತ್ತದೆ. ಗಟ್ಟಿಯಾದ ಒಂದು ಚಿಗುರನ್ನು ಉಳಿಸಿ ಬೆಳೆಸುತ್ತಾರೆ. ಬಯಲಾದ ಕಡೆ ಹೊಸ ಸಸಿ. "ವರ್ಸಕ್ಕೆ ಎಷ್ಟು ಬೆಳೀತದೋ ಅಷ್ಟೇ ನಮ್ದು. ಅದಕ್ಕಿಂತ ಜಾಸ್ತಿ ಕಡುದ್ರೆ ಅದು ಮೊಮ್ಮಕ್ಕಳ ಗಂಟು."

ಇದೇ ಮಾತನ್ನು 1713ರಲ್ಲಿ ಜರ್ಮನಿಯ ಸ್ಯಾಕ್ಸನಿಯ ಗಣಿ ಅಧಿಕಾರಿ ಕಾರ್ಲೊವಿಟ್ಸ್ ದೊಡ್ಡ ಪುಸ್ತಕವಾಗಿ ಬರೆದಿದ್ದ. ಅದಿರು ಕರಗಿಸುವ ಕುಲುಮೆಗಳಿಗೆ ಸೌದೆ ಸಾಲದೆ ಬಂದಾಗ ಹುಟ್ಟಿದ ವಿವೇಕ ಅದು. 1864ರಲ್ಲಿ ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥನಾದ ಬ್ರಾಂಡಿಸ್ ಕೂಡ ಜರ್ಮನ್ ದೇಶದವನೇ. ಆದರೆ ಇಲ್ಲಿ ಅದು ಸರಕಾರದ ಲೆಕ್ಕವಾಯಿತು. ಕಾಡಿನ ಅಂಚಿನ ಬಡವ ಅದರಲ್ಲಿ ಆರೋಪಿಯಾದ.

ತೋಟದ ಮೂಲೆಯಲ್ಲಿ ಒಂದಷ್ಟು ಶ್ರೀಗಂಧದ ಗಿಡಗಳಿವೆ. ಗಂಧ ಒಂಟಿಯಾಗಿ ಬಾಳಲಾರದು, ನೆರೆಯ ಬೇರಿನಿಂದ ನೀರು, ಸಾರ ಹೀರಬೇಕು. ಅದಕ್ಕಾಗಿಯೇ ಪಕ್ಕದಲ್ಲಿ ತೊಗರಿ, ಹೊಂಗೆ. ಗೌಡರ ತಂದೆ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿಯನ್ನು ಯಾರೂ ನೋಡುವ ಮುಂಚೆ ಕಿತ್ತೆಸೆಯುತ್ತಿದ್ದರಂತೆ. ಪಕ್ಕದ ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪು ಸುಲ್ತಾನ್ 1792ರಲ್ಲಿ ಗಂಧವನ್ನು ರಾಜಮರವೆಂದು ಸಾರಿದ್ದ. ಒಡೆಯರು ಅದನ್ನೇ ಮುಂದುವರಿಸಿದರು. ನಮ್ಮ ಚುನಾಯಿತ ಸರಕಾರಗಳೂ ಬಿಡಲಿಲ್ಲ. 2001ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆಯೇ ಮರ ಜಮೀನಿನ ಒಡೆಯನದಾಯಿತು. ಟಿಪ್ಪುವಿನ ಬಗ್ಗೆ ನನಗೇನೂ ಅಭಿಮಾನ ಕಡಿಮೆಯಿಲ್ಲ. ಆದರೂ ಇದನ್ನು ಹೇಳಬೇಕು: ಕಾಯುವ ಕಷ್ಟ ರೈತನಿಗೆ, ಮರ ಅರಸನಿಗೆ ಎಂದಾಗ ರೈತನಿಗೆ ಆ ಮರವೇ ಹಗೆಯಾಗುತ್ತದೆ. ತೇಗಕ್ಕೆ ಇಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಸಿಲ್ವರ್ ಓಕಿಗೆ ವಿನಾಯಿತಿ ಕೊಟ್ಟಿದೆ. ಬದುಗಳ ಮೇಲೆ ಯಾವುದು ಹೆಚ್ಚೆಂದು ಕೇಳಬೇಕಾಗಿಲ್ಲ.

ಹಾಗೆಂದು, ನನ್ನದು ಎಂಬ ಹಕ್ಕುಪತ್ರ ಸಿಕ್ಕಿದರೆ ಎಲ್ಲ ಸರಿಹೋಯಿತೇ? ಗೌಡರ ಮಗನ ಮಗಳು ನರ್ಸಿಂಗ್ ಸೇರಬೇಕು. ಸುಣ್ಣದ ಗುರುತಿನ ಮರಗಳ ಹಣ ಅದಕ್ಕೆ ಸಾಲದು. "ಇನ್ನೊಂದು ಸಾಲು ತೆಗೆಯವ" ಎನ್ನುತ್ತಾನೆ ಮಗ. ಅಪ್ಪ ಒಪ್ಪುತ್ತಿಲ್ಲ. ನಾಳಿನ ಮೊಮ್ಮಕ್ಕಳಿಗೆಂದು ಮರ ಉಳಿಸುವುದು ಸರಿ, ಆದರೆ ಎದುರಿಗೆ ನಿಂತಿರುವವಳೂ ಮೊಮ್ಮಗಳೇ ಅಲ್ಲವೇ?

ನನಗೆ ಸಲ್ಮಾನ್ ಫಾರಿಸಿ(ರ)ಯವರ ನೆನಪಾಯಿತು. ಅವರು ಗುಲಾಮಗಿರಿಯಿಂದ ಬಿಡುಗಡೆ ಹೊಂದಲು ಯಜಮಾನನಿಗೆ 40 ಔಕಿಯ ಚಿನ್ನದ ಜೊತೆ 300 ಖರ್ಜೂರದ ಸಸಿ ನೆಟ್ಟುಕೊಡಬೇಕಿತ್ತು. ಸಂಗಡಿಗರು ಸಸಿ ತಂದರು. ಪ್ರವಾದಿ(ಸ)ಯವರು ತಮ್ಮ ಕೈಯಾರೆ ನೆಟ್ಟರು. ಅಲ್ಲಿ ಗಿಡ ಪುಣ್ಯವೂ ಆಗಿತ್ತು, ಬೆಲೆಯೂ ಆಗಿತ್ತು. ಒಬ್ಬ ಮನುಷ್ಯನ ಬಿಡುಗಡೆಗೆ ಮರ ಬೆಲೆಯಾಗುವುದರಲ್ಲಿ ಹೇಸಿಗೆಯೇನಿಲ್ಲ. ಮರವನ್ನು ಅಮಾನತ್ತು ಎನ್ನುವ ನಾವು ಅದನ್ನು ಮುಟ್ಟಲೇಬಾರದ ವಸ್ತುವೆಂದು ತಿಳಿಯುತ್ತೇವೆ. ಅಮಾನತ್ತಿಗೆ ಲೆಕ್ಕ ಒಪ್ಪಿಸುವ ಹೊಣೆಯಿದೆ. ಏನೂ ತೆಗೆಯದವನಿಗೆ ಲೆಕ್ಕದ ಕಷ್ಟವೇ ಇಲ್ಲ.

"ಕಡಿಯೋದು ಪಾಪ ಅಲ್ಲ ಗೌಡ್ರೆ, ಎಷ್ಟು ಅಂತ ಕೇಳದೆ ಕಡಿಯೋದು ಪಾಪ" ಎಂದೆ.

ಅವರು ನಕ್ಕರು. "ಎಷ್ಟು ಅನ್ನೋದೇ ಅಲ್ವಾ ನಮ್ಮ ಜಗಳ?"

ಕಡೆಗೆ ಅಪ್ಪ ಮಗ ಇಬ್ಬರೂ ಸುಣ್ಣದ ಡಬ್ಬಿ ಹಿಡಿದು ಎರಡನೆಯ ಸಾಲಿಗೆ ಹೋದರು. ಒಂದು ಮರವನ್ನು ಅಪ್ಪ ತಬ್ಬಿ ಅಳತೆ ನೋಡಿದರು, ಬೇಡವೆಂದರು. ಮಗ ಅದರ ಡೊಂಕು ತೋರಿಸಿದ. ನಾನು ಬಸ್ಸಿಗೆ ಹೊರಡುವಾಗಲೂ ಅವರು ಅದೇ ಮರದ ಮುಂದೆ ನಿಂತಿದ್ದರು.